ಸುಮ್ಮನಿದ್ದವರ ಒಪ್ಪಿಗೆ: ಕಾನೂನು ಮೌನವನ್ನು ಓದಿದ ಬಗೆ

ಈಚೆಗೆ ಸಮ್ಮತಿಯ ಬಗ್ಗೆ ಯಾವ ವಿಚಾರಸಂಕಿರಣಕ್ಕೆ ಹೋದರೂ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ‘ಮೌನಂ ಸಮ್ಮತಿ ಲಕ್ಷಣಂ’ ಎನ್ನುವುದು ನಮ್ಮ ಪರಂಪರೆಯಂತೆ, ಬಾಯಿಬಿಟ್ಟು ಹೇಳಿದರೆ ಮಾತ್ರ ಒಪ್ಪಿಗೆ ಎನ್ನುವುದು ಪಶ್ಚಿಮದಿಂದ ಬಂದ ಹೊಸ ಸರಕಂತೆ. ಇದನ್ನು ಹೆಮ್ಮೆಯಿಂದ ಹೇಳುವವರೂ ಇದ್ದಾರೆ, ನಾಚಿಕೆಯಿಂದ ಹೇಳುವವರೂ ಇದ್ದಾರೆ. ಇಬ್ಬರೂ ಹಳೆಯ ಪುಸ್ತಕ ತೆರೆದು ನೋಡಿದಂತೆ ಕಾಣುವುದಿಲ್ಲ. ಕರಾರು ಕಾನೂನಿನ ಪಾಠ ಹೇಳುತ್ತ, ಸಿವಿಲ್ ಕೋರ್ಟಿನಲ್ಲಿ ಪಾಲಿನ ದಾವೆ ನಡೆಸುತ್ತ ತಲೆ ಹಣ್ಣಾದ ನನ್ನಂಥವರಿಗೆ ಇನ್ನೊಂದು ತಕರಾರೂ ಇದೆ. ಸಮ್ಮತಿಯ ಚರ್ಚೆಯೆಂದರೆ ಒಂದೋ ಅತ್ಯಾಚಾರದ ಮೊಕದ್ದಮೆ, ಇಲ್ಲವೇ ಮೊಬೈಲಿನಲ್ಲಿ ಒತ್ತುವ ಗುಂಡಿ ಎಂದಾಗಿಬಿಟ್ಟಿದೆ. ನಡುವೆ ಇರುವ ದೊಡ್ಡ ಹೊಲ ಪಾಳು ಬಿದ್ದಿದೆ.

ಮೌನಕ್ಕೆ ಅರ್ಥ ಕಟ್ಟುವ ಚಟ ಒಂದು ದೇಶದ್ದಲ್ಲ. ರೋಮಿನ ನ್ಯಾಯಶಾಸ್ತ್ರಜ್ಞ ಪೌಲಸ್ ಬಹಳ ಎಚ್ಚರದಿಂದ ಹೇಳಿದ್ದ: ಸುಮ್ಮನಿದ್ದವನು ಒಪ್ಪಿಕೊಂಡಂತಲ್ಲ, ಹಾಗೆಂದು ಅಲ್ಲಗಳೆದಂತೆಯೂ ಅಲ್ಲ. 1298ರಲ್ಲಿ ಪೋಪ್ ಎಂಟನೆಯ ಬೋನಿಫೇಸ್ ಹೊರಡಿಸಿದ ಚರ್ಚಿನ ಕಾನೂನು ಸಂಗ್ರಹದ ಕೊನೆಯಲ್ಲಿ 88 ಸೂತ್ರಗಳಿವೆ. ಅದರಲ್ಲಿ 43ನೆಯದು, ಸುಮ್ಮನಿರುವವನು ಒಪ್ಪಿದಂತೆ ಕಾಣುತ್ತಾನೆ ಎನ್ನುತ್ತದೆ. ಅದರ ಬೆನ್ನಿಗೇ ಇರುವ 44ನೆಯದು ಪೌಲಸನ ಅನುಮಾನವನ್ನು ಮತ್ತೆ ಮುಂದಿಡುತ್ತದೆ. ಲೋಕ ಮೊದಲನೆಯದನ್ನು ಬಾಯಿಪಾಠ ಮಾಡಿತು, ಎರಡನೆಯದನ್ನು ಮರೆಯಿತು. 1535ರಲ್ಲಿ ಇಂಗ್ಲೆಂಡಿನ ಥಾಮಸ್ ಮೋರ್, ರಾಜನೇ ಚರ್ಚಿನ ಮುಖ್ಯಸ್ಥ ಎಂಬ ಶಾಸನದ ಬಗ್ಗೆ ತುಟಿ ಬಿಚ್ಚದೆ, ತನ್ನ ಮೌನವನ್ನು ಒಪ್ಪಿಗೆಯೆಂದೇ ತಿಳಿಯಬೇಕು ಎಂದು ಇದೇ ಸೂತ್ರವನ್ನು ಹಿಡಿದು ವಾದಿಸಿದ. ತಲೆ ಉಳಿಯಲಿಲ್ಲ. ಸೂತ್ರ ಯಾರ ಕೈಯಲ್ಲಿದೆ ಎನ್ನುವುದರ ಮೇಲೆ ಅದರ ಬಲ ನಿಂತಿರುತ್ತದೆ ಎನ್ನುವುದಕ್ಕೆ ಬೇರೆ ಉದಾಹರಣೆ ಬೇಡ.

ಇನ್ನು ನಮ್ಮ ಪರಂಪರೆ. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಒಂದು ನಿಯಮವಿದೆ. ತನ್ನ ಭೂಮಿಯನ್ನು ಬೇರೊಬ್ಬ ಅನುಭವಿಸುತ್ತಿರುವುದನ್ನು ಕಣ್ಣಾರೆ ಕಂಡೂ ಮಾತಾಡದ ಒಡೆಯನಿಗೆ 20 ವರ್ಷಕ್ಕೆ ನಷ್ಟ. ಬೇರೆ ಸೊತ್ತಾದರೆ 10 ವರ್ಷಕ್ಕೆ. ಮೌನಕ್ಕೆ ಇಷ್ಟು ಖಚಿತವಾಗಿ ಬೆಲೆ ಕಟ್ಟಿದ ನಿಯಮ ಅಪರೂಪ. ಆದರೆ ಮುಂದಿನ ಶ್ಲೋಕದಲ್ಲಿಯೇ ವಿನಾಯಿತಿಗಳ ಪಟ್ಟಿ ಬರುತ್ತದೆ: ಅಡವು, ಗಡಿ, ಇಡಗಂಟು, ಬುದ್ಧಿಮಾಂದ್ಯರ ಸೊತ್ತು, ಮಕ್ಕಳ ಸೊತ್ತು, ಅರಸನದು, ಶ್ರೋತ್ರಿಯರದು, ಮತ್ತು ಸ್ತ್ರೀಯರದು. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ, ಅಂದರೆ ಇವತ್ತಿನ ಬಸವಕಲ್ಯಾಣದಲ್ಲಿ, ಇದಕ್ಕೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ನಷ್ಟವಾಗುವುದು ಭೂಮಿಯಲ್ಲ, ಅಷ್ಟು ಕಾಲದ ಫಲ ಮಾತ್ರ ಎನ್ನುತ್ತಾನೆ. ಸುಮ್ಮನಿದ್ದುದಕ್ಕೆ ಬೆಳೆ ಹೋಗಬಹುದು, ನೆಲ ಹೋಗಕೂಡದು. ಈ ಪರಂಪರೆಯನ್ನು ಎದೆ ತಟ್ಟಿಕೊಂಡು ಉದ್ಧರಿಸುವವರು ಈ ಎರಡು ಸಾಲುಗಳ ಬಳಿಗೆ ಹೋಗುವುದೇ ಇಲ್ಲ. ವಿನಾಯಿತಿಯ ಪಟ್ಟಿಯಲ್ಲಿ ಹೆಂಗಸರು ಏಕೆ ಸೇರಿದರು ಎಂಬುದಕ್ಕೆ ನಾನು ಓದಿಕೊಂಡಿರುವ ಕಾರಣ ಸರಳ: ಕೇಳುವ ಅನುಕೂಲವೇ ಇಲ್ಲದವರ ಮೇಲೆ ಕೇಳಲಿಲ್ಲವೆಂಬ ದೋಷ ಹೊರಿಸಲಾಗದು.

ಬ್ರಿಟಿಷರ ಕಾಲಕ್ಕೆ ಬಂದರೆ ಎರಡು ಕುದುರೆಗಳು ಎದುರಾಗುತ್ತವೆ. ಕಾನೂನು ಓದಿದವರೆಲ್ಲರಿಗೂ ಮೊದಲನೆಯದು ಪರಿಚಿತ. 1862ರ ಫೆಲ್ಟ್‌ಹೌಸ್ ವಿರುದ್ಧ ಬಿಂಡ್ಲಿ ಮೊಕದ್ದಮೆಯಲ್ಲಿ ಚಿಕ್ಕಪ್ಪ ಅಣ್ಣನ ಮಗನಿಗೆ ಬರೆದ: ಇನ್ನು ನಿನ್ನಿಂದ ಸುದ್ದಿ ಬಾರದಿದ್ದರೆ ಕುದುರೆ 30 ಪೌಂಡು 15 ಶಿಲ್ಲಿಂಗಿಗೆ ನನ್ನದು. ಹುಡುಗ ಉತ್ತರಿಸಲಿಲ್ಲ. ಆದರೆ ಆ ಕುದುರೆಯನ್ನು ಹರಾಜಿಗೆ ಹಾಕಬೇಡ ಎಂದು ಹರಾಜುಗಾರನಿಗೆ ಹೇಳಿದ್ದ. ಹರಾಜುಗಾರ ಮರೆತು ಮಾರಿಬಿಟ್ಟ. ಎದುರಿಗಿರುವವನ ಮೌನವನ್ನೇ ಒಪ್ಪಿಗೆ ಮಾಡಿಕೊಳ್ಳುವ ಅಧಿಕಾರ ಕೇಳಿದವನಿಗೆ ಇಲ್ಲ ಎಂದು ನ್ಯಾಯಾಲಯ ತೀರ್ಪಿತ್ತಿತು. ಪಠ್ಯಪುಸ್ತಕಗಳು ಒತ್ತಿ ಹೇಳದ ಸಂಗತಿಯೆಂದರೆ, ಹುಡುಗನಿಗೆ ಮಾರುವ ಮನಸ್ಸು ನಿಜವಾಗಿಯೂ ಇತ್ತು. ಮನಸ್ಸಿದ್ದೂ ತಿಳಿಸದಿದ್ದರೆ ಕರಾರಿಲ್ಲ ಎನ್ನುವಷ್ಟು ಆ ಕೋರ್ಟು ಬಿಗಿಯಾಗಿತ್ತು. ಕುದುರೆ ವ್ಯಾಪಾರಕ್ಕೆ ಇಷ್ಟು ಶಿಸ್ತು ತೋರಿದ ಕಾನೂನು ಮನುಷ್ಯರ ದೇಹದ ವಿಷಯಕ್ಕೆ ಬಂದಾಗ ಎಷ್ಟು ಸಡಿಲವಾಯಿತೆಂಬುದನ್ನು ಮುಂದೆ ನೋಡೋಣ.

ಎರಡನೆಯ ಕುದುರೆ ನಮ್ಮದೇ 1872ರ ಕರಾರು ಅಧಿನಿಯಮದ 17ನೇ ಕಲಮಿನಲ್ಲಿದೆ. ಕುದುರೆಯಲ್ಲಿ ಐಬಿದೆಯೆಂದು ಗೊತ್ತಿದ್ದೂ ಮಾರುವವನು ಸುಮ್ಮನಿದ್ದರೆ, ಅಷ್ಟರಿಂದಲೇ ಅದು ವಂಚನೆಯಲ್ಲ. ಕೊಳ್ಳುವವನು ‘ನೀನು ಇಲ್ಲವೆನ್ನದಿದ್ದರೆ ಕುದುರೆ ಗಟ್ಟಿಯಿದೆಯೆಂದು ತಿಳಿಯುತ್ತೇನೆ’ ಎಂದಾಗಲೂ ಸುಮ್ಮನಿದ್ದರೆ ಆ ಮೌನ ಮಾತಿಗೆ ಸಮ. ಇವೆರಡರ ನಡುವೆ ಇನ್ನೊಂದು ದೃಷ್ಟಾಂತವಿದೆ. ಕೊಳ್ಳುವವಳು ಮಾರುವವನ ಸ್ವಂತ ಮಗಳು, ಈಗಷ್ಟೇ ಪ್ರಾಪ್ತ ವಯಸ್ಸಿಗೆ ಬಂದವಳು. ಅಲ್ಲಿ ಐಬನ್ನು ಹೇಳುವುದು ಅಪ್ಪನ ಕರ್ತವ್ಯ. ಎಂದರೆ ಸಂಬಂಧ ಹತ್ತಿರವಾದಷ್ಟೂ ಬಾಯಿಬಿಡಬೇಕಾದ ಹೊಣೆ ಬಲ ಇರುವವರದು. ತರಗತಿಯಲ್ಲಿ ಈ ದೃಷ್ಟಾಂತವನ್ನು ದಾಟಿಕೊಂಡು ಹೋಗುವ ಮೇಷ್ಟ್ರುಗಳೇ ಹೆಚ್ಚು. ನನಗದು ಇಡೀ ಅಧಿನಿಯಮದ ಅತ್ಯಂತ ಜೀವಂತ ಸಾಲು.

ಅದೇ ವರ್ಷದ ಸಾಕ್ಷ್ಯ ಅಧಿನಿಯಮ ಮೌನವನ್ನು ಇನ್ನೊಂದು ಕಡೆಯಿಂದ ಹಿಡಿಯಿತು. ಒಬ್ಬ ಸಾಲ ಕೇಳಲು ಹೋದಾಗ ‘ಇವನಿಗೆ ಕೊಡಬೇಡ, ಇಂಥವನಿಗೆ 10,000 ರೂಪಾಯಿ ಬಾಕಿಯಿದ್ದಾನೆ’ ಎಂದು ಮೂರನೆಯವನು ಎದುರಿಗೇ ಹೇಳಿದ. ಕೇಳಿಸಿಕೊಂಡವನು ಉತ್ತರಿಸದೆ ಎದ್ದುಹೋದ. ಆ ಹೋಗುವಿಕೆ ಸಾಕ್ಷ್ಯಕ್ಕೆ ಸಂಬಂಧಿಸಿದ ಸಂಗತಿ ಎಂದಿತು 8ನೇ ಕಲಂ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ, ಪ್ರತಿವಾದಿ ತನ್ನ ತಕರಾರಿನಲ್ಲಿ ನಿರ್ದಿಷ್ಟವಾಗಿ ಅಲ್ಲಗಳೆಯದ್ದನ್ನೆಲ್ಲ ಒಪ್ಪಿದಂತೆ ಎಂದಿತು. ಇದು ವಕೀಲರು ದಿನವೂ ಉಣ್ಣುವ ಅನ್ನವಾದ್ದರಿಂದ ವಿಸ್ತರಿಸುವುದಿಲ್ಲ.

ಭಾಷೆಯ ಕಡೆಯಿಂದ ಬಂದವರ ಕೊಡುಗೆಗೆ ನಮ್ಮ ಕಾನೂನು ಪುಸ್ತಕಗಳಲ್ಲಿ ಅಡಿಟಿಪ್ಪಣಿಯಷ್ಟು ಜಾಗವೂ ಇಲ್ಲ. ಕೀತ್ ಬ್ಯಾಸೊ 1970ರಲ್ಲಿ ಅಮೆರಿಕದ ಅಪಾಚೆ ಸಮುದಾಯದ ಮೌನದ ಬಗ್ಗೆ ಬರೆದ ಲೇಖನ ಮೊದಲ ಕಿಟಕಿ. ನಿಜವಾದ ತಿರುವು ಬಂದದ್ದು ಸಂಭಾಷಣಾ ವಿಶ್ಲೇಷಣೆಯಿಂದ. ಹಾರ್ವಿ ಸ್ಯಾಕ್ಸ್, ಇಮ್ಯಾನ್ಯುಯೆಲ್ ಶೆಗ್ಲಾಫ್, ಗೇಲ್ ಜೆಫರ್ಸನ್ 1974ರಲ್ಲಿ ಮಾತಿನ ಸರದಿ ಹೇಗೆ ಕೈ ಬದಲಾಗುತ್ತದೆ ಎಂಬುದನ್ನು ಧ್ವನಿಮುದ್ರಣಗಳಿಂದಲೇ ಕಟ್ಟಿ ತೋರಿಸಿದರು. ಅವರ ಹಾದಿ ಹಿಡಿದವರಿಗೆ ಕಂಡದ್ದು ಇದು: ಒಪ್ಪಿಗೆ ತಟ್ಟನೆ ಬರುತ್ತದೆ, ನಿರಾಕರಣೆ ತಡವಾಗಿ, ತೊದಲುತ್ತ, ನೆಪ ಹೇಳುತ್ತ ಬರುತ್ತದೆ. ಆದ್ದರಿಂದ ಕೇಳಿದ ಮೇಲೆ ಬೀಳುವ ಸಣ್ಣ ಮೌನವೂ ಕೇಳಿದವರ ಕಿವಿಗೆ ‘ಇಲ್ಲ’ದ ಮುನ್ಸೂಚನೆ. 1999ರಲ್ಲಿ ಸೀಲಿಯ ಕಿಟ್ಜಿಂಗರ್ ಮತ್ತು ಹ್ಯಾನಾ ಫ್ರಿತ್ ಇದನ್ನು ನೇರವಾಗಿ ಅತ್ಯಾಚಾರದ ಚರ್ಚೆಗೆ ತಂದರು. ‘ಇಲ್ಲ ಎಂದು ಗಟ್ಟಿಯಾಗಿ ಹೇಳಬಾರದಿತ್ತೆ’ ಎಂದು ಹುಡುಗಿಯರನ್ನು ಕೇಳುವವರು, ದಿನನಿತ್ಯದ ಮಾತಿನಲ್ಲಿ ಯಾರೂ ಹಾಗೆ ನಿರಾಕರಿಸುವುದಿಲ್ಲ ಎಂಬುದನ್ನು ಚೆನ್ನಾಗಿ ಬಲ್ಲವರೇ. ಅರ್ಥವಾಗಲಿಲ್ಲ ಎನ್ನುವುದು ಅವರ ಅನುಕೂಲ.

ಇದಕ್ಕೆ ನಮ್ಮಲ್ಲಿ ಪ್ರಯೋಗಶಾಲೆ ಬೇಕಿಲ್ಲ, ಹೆಣ್ಣು ನೋಡುವ ಶಾಸ್ತ್ರ ಸಾಕು. ಉಪ್ಪಿಟ್ಟು, ಕೇಸರಿಬಾತು ಮುಗಿಸಿ ಗಂಡಿನ ಕಡೆಯವರು ‘ಊರಿಗೆ ಹೋಗಿ ಕಾಗದ ಬರೀತೀವಿ’ ಎನ್ನುತ್ತಾರೆ. ಹದಿನೈದು ದಿನ ಸುದ್ದಿಯಿಲ್ಲದಿದ್ದರೆ ಹೆಣ್ಣಿನ ಮನೆಯಲ್ಲಿ ಯಾರೂ ಅದನ್ನು ಒಪ್ಪಿಗೆ ಎಂದುಕೊಂಡು ಛತ್ರ ಗೊತ್ತು ಮಾಡುವುದಿಲ್ಲ. ಬೇರೆ ಜಾತಕ ತೆಗೆಯುತ್ತಾರೆ. ಅದೇ ಮನೆಯಲ್ಲಿ, ಅದೇ ಮಧ್ಯಾಹ್ನ, ಸೋದರಮಾವ ಒಳಗೆ ಹೋಗಿ ‘ಏನಮ್ಮಾ, ಒಪ್ಪಿಗೆ ತಾನೆ?’ ಎಂದು ಕೇಳಿ, ತಲೆ ತಗ್ಗಿಸಿ ನಿಂತವಳನ್ನು ನೋಡಿ, ‘ನಾಚಿಕೊಂಡಳು, ಒಪ್ಪಿದ್ದಾಳೆ’ ಎಂದು ಹೊರಗೆ ಬಂದು ಸಾರುತ್ತಾರೆ. ಒಂದೇ ಸೂರಿನಡಿ ಎರಡು ಮೌನ, ಎರಡಕ್ಕೆ ತದ್ವಿರುದ್ಧ ಅರ್ಥ. ಕಾಗದ ಬರೆಯದವರನ್ನು ಯಾರೂ ಒತ್ತಾಯಿಸಲಾರರು, ತಲೆ ತಗ್ಗಿಸಿದವಳನ್ನು ಒತ್ತಾಯಿಸಬಲ್ಲರು, ವ್ಯತ್ಯಾಸ ಅಷ್ಟೇ.

ಆಸ್ಟ್ರೇಲಿಯದ ಡಯಾನಾ ಈಡ್ಸ್ ಕ್ವೀನ್ಸ್‌ಲ್ಯಾಂಡಿನ ಮೂಲನಿವಾಸಿ ಸಾಕ್ಷಿಗಳ ಬಗ್ಗೆ ಮಾಡಿದ ಕೆಲಸ ನನ್ನ ದೃಷ್ಟಿಯಲ್ಲಿ ಈ ಶಾಖೆಯ ಕಿರೀಟ. ಆ ಜನರಲ್ಲಿ ಉತ್ತರಿಸುವ ಮುನ್ನ ಸುಮ್ಮನಿರುವುದು ಸಹಜ ಮರ್ಯಾದೆ. ಕೋರ್ಟಿಗೆ ಅದು ಕಳ್ಳತನದ ಗುರುತಾಗಿ ಕಂಡಿತು. ಸಾಹೇಬರು ಕೇಳಿದ್ದಕ್ಕೆಲ್ಲ ‘ಹೌದು’ ಎಂದುಬಿಡುವ ಅವರ ಇನ್ನೊಂದು ರೂಢಿ ಮಾತ್ರ ತಪ್ಪೊಪ್ಪಿಗೆಯಾಗಿ ದಾಖಲಾಯಿತು.

ನಮ್ಮ ತಲೆಮಾರನ್ನು ರೂಪಿಸಿದ್ದು ಮಥುರಾ ಪ್ರಕರಣ. ಅದರ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಹೇಳಬೇಕು. 1972ರ ಮಾರ್ಚಿನಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಗೆ ದೂರಿನ ಸಂಬಂಧ ಕರೆತಂದ ಮಥುರಾ ಎಂಬ ಆದಿವಾಸಿ ಹುಡುಗಿಯನ್ನು ರಾತ್ರಿ ಅಲ್ಲಿಯೇ ಉಳಿಸಿಕೊಳ್ಳಲಾಯಿತು. ಮನೆಯವರು ಹೊರಗೆ ಕಾಯುತ್ತಿದ್ದರು. ಒಳಗೆ ಪೊಲೀಸರಿಂದಲೇ ಅತ್ಯಾಚಾರವಾಯಿತೆಂಬುದು ಆರೋಪ. ಸೆಷನ್ಸ್ ನ್ಯಾಯಾಲಯ 1974ರಲ್ಲಿ ಬಿಡುಗಡೆ ಮಾಡಿತು. 1976ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, ಭಯದಿಂದ ಅಸಹಾಯಕವಾಗಿ ಶರಣಾಗುವುದು ಬೇರೆ, ಬಯಸುವುದು ಬೇರೆ ಎಂದು ಶಿಕ್ಷೆ ಕೊಟ್ಟಿತು. 1978ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಮೈಮೇಲೆ ಗಾಯವಿಲ್ಲ, ಪ್ರತಿರೋಧದ ಗುರುತಿಲ್ಲ, ಕೂಗಿಕೊಂಡಿದ್ದು ಸುಳ್ಳು, ಆದ್ದರಿಂದ ಒಪ್ಪಿಗೆಯಿತ್ತು ಎಂಬುದು ತರ್ಕದ ಸಾರ.

ಇದು ಅಜ್ಞಾನದ ಕಾಲದ ತೀರ್ಪು ಎಂದು ಈಗಿನವರು ಹೇಳುವುದುಂಟು. ಹಾಗೇನಿರಲಿಲ್ಲ. ಪ್ರತಿ ಸಮ್ಮತಿಯಲ್ಲೂ ಮಣಿಯುವಿಕೆ ಇರುತ್ತದೆ, ಆದರೆ ಪ್ರತಿ ಮಣಿಯುವಿಕೆಯೂ ಸಮ್ಮತಿಯಲ್ಲ ಎಂಬುದನ್ನು ಇಂಗ್ಲೆಂಡಿನ ನ್ಯಾಯಾಲಯ 1841ರಲ್ಲೇ ಹೇಳಿತ್ತು. 1950ರ ದಶಕದಲ್ಲಿ ಪಂಜಾಬ್ ಹೈಕೋರ್ಟಿನ ನ್ಯಾಯಮೂರ್ತಿ ಟೇಕ್ ಚಂದ್, ತಪ್ಪಿಸಿಕೊಳ್ಳಲಾಗದ ಬಲವಂತದೆದುರು ಕೈಚೆಲ್ಲಿ ಕೂರುವುದು ಒಪ್ಪಿಗೆಯಲ್ಲ ಎಂದು ಅದನ್ನು ನಮ್ಮ ನೆಲಕ್ಕೆ ತಂದಿದ್ದರು. ಭಯದಿಂದ ಕೊಟ್ಟ ಸಮ್ಮತಿ ಸಮ್ಮತಿಯಲ್ಲ ಎಂಬ ದಂಡಸಂಹಿತೆಯ 90ನೇ ಕಲಂ 1860ರಿಂದಲೂ ಇತ್ತು. ಎಲ್ಲ ಕಪಾಟಿನಲ್ಲೇ ಇತ್ತು, ಕೈ ಹೋಗಲಿಲ್ಲ.

1979ರ ಸೆಪ್ಟೆಂಬರಿನಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಂವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಆಗಿನ ಕಾನೂನು ಕಾಲೇಜುಗಳಲ್ಲಿ ಸುಪ್ರೀಂ ಕೋರ್ಟನ್ನು ಹಾಗೆ ಪ್ರಶ್ನಿಸಬಹುದೆಂಬ ಕಲ್ಪನೆಯೇ ಇರಲಿಲ್ಲ. ಪತ್ರದ ಪ್ರತಿ ಕೈಯಿಂದ ಕೈಗೆ ದಾಟಿತು. ಅದರ ಬಲ ಇದ್ದದ್ದು ಪ್ರಶ್ನೆಯನ್ನು ತಿರುಗಿಸಿದ್ದರಲ್ಲಿ: ರಾತ್ರಿಯ ಠಾಣೆ, ಬಾಗಿಲು ಹಾಕಿದ ಪೊಲೀಸರು, ಹದಿಹರೆಯದ ಆದಿವಾಸಿ ಹುಡುಗಿ, ಇಂಥಲ್ಲಿ ಮೌನಕ್ಕೆ ಒಪ್ಪಿಗೆಯೆಂಬ ಅರ್ಥ ಕೊಡುವ ಅಧಿಕಾರ ಯಾರಿಗೆ ಬಂತು? 1980ರ ಮಹಿಳಾ ದಿನದ ಮೆರವಣಿಗೆಗಳು, ಕಾನೂನು ಆಯೋಗದ 84ನೇ ವರದಿ, 1983ರ ತಿದ್ದುಪಡಿ ಇದರ ಫಲ. ಸಾಕ್ಷ್ಯ ಅಧಿನಿಯಮಕ್ಕೆ 114ಎ ಕಲಂ ಸೇರಿತು. ಕಸ್ಟಡಿಯಂಥ ಸನ್ನಿವೇಶಗಳಲ್ಲಿ ಸಂಭೋಗ ಸಾಬೀತಾಗಿ, ಹೆಣ್ಣು ತಾನು ಒಪ್ಪಿರಲಿಲ್ಲ ಎಂದರೆ, ನ್ಯಾಯಾಲಯ ಒಪ್ಪಿಗೆ ಇರಲಿಲ್ಲ ಎಂದೇ ಭಾವಿಸತಕ್ಕದ್ದು. ಮೌನದ ಭಾರ ಮೊದಲ ಬಾರಿಗೆ ಹೆಗಲು ಬದಲಿಸಿತು. ನ್ಯಾಯಮೂರ್ತಿ ವರ್ಮಾ ಸಮಿತಿಯ ನಂತರ ಬಂದ 2013ರ ತಿದ್ದುಪಡಿ ಇದನ್ನು ಇನ್ನಷ್ಟು ವಿಸ್ತರಿಸಿತು: ಸಮ್ಮತಿ ಎಂದರೆ ಮಾತು, ಸನ್ನೆ ಅಥವಾ ಬೇರೆ ಯಾವುದೇ ರೀತಿಯಲ್ಲಿ ಸಂದೇಹವಿಲ್ಲದಂತೆ ತಿಳಿಸಿದ ಇಚ್ಛೆ, ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂಬುದೊಂದರಿಂದಲೇ ಸಮ್ಮತಿಯಿತ್ತು ಎನ್ನುವಂತಿಲ್ಲ. ಕುದುರೆಗೆ 1862ರಲ್ಲಿ ಸಿಕ್ಕ ನ್ಯಾಯ ಹೆಣ್ಣಿಗೆ ಸಿಗಲು ಒಂದೂವರೆ ಶತಮಾನ ಹಿಡಿಯಿತು.

ಆಮೇಲಿನದು ಏರಿಳಿತದ ಕಥೆ. 2017ರಲ್ಲಿ ದೆಹಲಿ ಹೈಕೋರ್ಟ್, ಕ್ಷೀಣವಾದ ‘ಬೇಡ’ವನ್ನು ಎದುರಿನವನು ಒಪ್ಪಿಗೆಯೆಂದು ತಿಳಿದಿರಬಹುದು ಎಂಬ ವಾದಕ್ಕೆ ಮನ್ನಣೆ ಕೊಟ್ಟಿತು, ಮಾತಾಡಿದರೂ ಮೌನದ ಲೆಕ್ಕಕ್ಕೆ ಹೋಯಿತು. 2020ರಲ್ಲಿ ನಮ್ಮ ಹೈಕೋರ್ಟಿನ ಒಂದು ಜಾಮೀನು ಆದೇಶ, ಘಟನೆಯ ಬಳಿಕ ದೂರುದಾರಳು ದಣಿದು ನಿದ್ದೆಹೋದದ್ದು ಭಾರತೀಯ ಹೆಣ್ಣಿಗೆ ತಕ್ಕದ್ದಲ್ಲ ಎಂದಿತು. ಟೀಕೆ ಬಂದ ಮೇಲೆ ಆ ಸಾಲನ್ನು ನ್ಯಾಯಾಲಯವೇ ತೆಗೆದುಹಾಕಿದ್ದು ಒಳ್ಳೆಯ ನಡೆ. 2022ರ ಮಾರ್ಚಿನಲ್ಲಿ ಅದೇ ಹೈಕೋರ್ಟ್, ಪತಿಯ ಮೇಲಿನ ಅತ್ಯಾಚಾರದ ಆರೋಪವನ್ನು ಕೈಬಿಡಲು ಒಪ್ಪಲಿಲ್ಲ. ಮದುವೆಯೇ ಜೀವಮಾನದ ಒಪ್ಪಿಗೆ ಎಂಬ ಹದಿನೇಳನೆಯ ಶತಮಾನದ ಮ್ಯಾಥ್ಯೂ ಹೇಲನ ಸಿದ್ಧಾಂತವನ್ನು ಇಂಗ್ಲೆಂಡು 1991ರಲ್ಲೇ ಕಸದಬುಟ್ಟಿಗೆ ಹಾಕಿದೆ. ನಮ್ಮ 2023ರ ನ್ಯಾಯ ಸಂಹಿತೆ ಅದನ್ನು ಜೋಪಾನವಾಗಿ ಇಟ್ಟುಕೊಂಡಿದೆ.

ಸುಮ್ಮನಿರುವುದನ್ನೇ ಹಕ್ಕಾಗಿ ಕಂಡ ಧಾರೆಯನ್ನೂ ಇಲ್ಲಿ ನೆನೆಯಬೇಕು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತು, ಹಾಡದೆ ಉಳಿದ ಕೇರಳದ ಶಾಲಾಮಕ್ಕಳನ್ನು ಹೊರಹಾಕಿದ್ದು ತಪ್ಪೆಂದು 1986ರಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಬರೆದರು. 2010ರಲ್ಲಿ ಕರ್ನಾಟಕದಿಂದ ಹೋದ ಸೆಲ್ವಿ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದ ಮಂಪರು ಪರೀಕ್ಷೆ ಸಂವಿಧಾನದ 20(3)ನೇ ವಿಧಿಗೆ ವಿರುದ್ಧ ಎಂದಿತು ಸುಪ್ರೀಂ ಕೋರ್ಟ್.

ಸರ್ಕಾರದ ಮೌನದ ಕಥೆ ಬೇರೆಯೇ. ಕರ್ನಾಟಕ ಭೂಕಂದಾಯ ಅಧಿನಿಯಮದ 95ನೇ ಕಲಮಿನ ಅಡಿ ಜಮೀನು ಪರಿವರ್ತನೆಗೆ ಅರ್ಜಿ ಹಾಕಿ, ನಾಲ್ಕು ತಿಂಗಳಲ್ಲಿ ಜಿಲ್ಲಾಧಿಕಾರಿಯ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಿತೆಂದೇ ಭಾವಿಸಬೇಕೆಂಬ ಉಪಕಲಮನ್ನು ಬಡಾವಣೆ ಮಾಡುವವರ ವಕೀಲರು ದಶಕಗಳ ಕಾಲ ಬಾಯಿಪಾಠ ಮಾಡಿಕೊಂಡಿದ್ದರು. 2005ರ ಮಾಹಿತಿ ಹಕ್ಕು ಅಧಿನಿಯಮದಲ್ಲಿ 30 ದಿನ ಅಧಿಕಾರಿ ಸುಮ್ಮನಿದ್ದರೆ ಅದು ನಿರಾಕರಣೆ. ಕಚೇರಿಯ ಮೌನ ನಿವೇಶನಕ್ಕೆ ‘ಹೌದು’, ಕಡತಕ್ಕೆ ‘ಇಲ್ಲ’. ಡಿಜಿಟಲ್ ಲೋಕದ್ದು ಬೇಗ ಹೇಳಿ ಮುಗಿಸಬಹುದು. ಮೊದಲೇ ಗುರುತು ಹಾಕಿಟ್ಟ ಚೌಕ ಒಪ್ಪಿಗೆಯಲ್ಲ ಎಂದು ಯುರೋಪಿನ ನ್ಯಾಯಾಲಯ 2019ರಲ್ಲಿ ಹೇಳಿತು. ನಮ್ಮ 2020ರ ಇ-ಕಾಮರ್ಸ್ ನಿಯಮಗಳೂ ಅದನ್ನೇ ಹೇಳಿದವು. 2023ರ ದತ್ತಾಂಶ ಸಂರಕ್ಷಣಾ ಅಧಿನಿಯಮ ಸ್ಪಷ್ಟವಾದ ಕ್ರಿಯೆಯಿಂದ ತಿಳಿಸಿದ ಒಪ್ಪಿಗೆ ಬೇಕೆಂದಿತು. ಫಲವಾಗಿ ಜನ ಏನನ್ನೂ ಓದದೆ ‘ಒಪ್ಪಿದೆ’ ಒತ್ತುತ್ತಾರೆ. ಈ ವಿಷಯಕ್ಕೆ ಸಿಗುವ ಸಂಶೋಧನಾ ಧನಸಹಾಯ ನೋಡಿದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ.

ಏಕೆಂದರೆ ಈ ನಾಡಿನ ಕೋರ್ಟುಗಳಲ್ಲಿ ಮೌನದ ಮೇಲೆ ಅತಿ ಹೆಚ್ಚು ವ್ಯಾಜ್ಯ ನಡೆಯುವುದು ಗುಂಡಿ ಒತ್ತುವುದರ ಬಗ್ಗೆ ಅಲ್ಲ, ಹೆಣ್ಣುಮಕ್ಕಳ ಪಾಲಿನ ಬಗ್ಗೆ. ಕರ್ನಾಟಕ 1994ರ ಜುಲೈನಿಂದ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು, ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ಅಳಿಸಿತು. ಬಾಯಿಮಾತಿನಲ್ಲಿ ಹಿಂದೆಯೇ ಪಾಲಾಗಿದೆ ಎಂಬ ಸಮಜಾಯಿಷಿಯನ್ನು ಸುಲಭವಾಗಿ ನಂಬಬಾರದು ಎಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪಾಲುದಾರರಲ್ಲಿ ಒಬ್ಬನ ಸ್ವಾಧೀನ ಎಲ್ಲರ ಪರವಾಗಿಯೂ ಇರುತ್ತದೆ, ಬರೀ ಸುಮ್ಮನಿದ್ದ ಮಾತ್ರಕ್ಕೆ ಉಳಿದವರ ಹಕ್ಕು ಹೋಗದು ಎಂಬುದು 1950ರ ದಶಕದಿಂದಲೂ ನೆಲೆನಿಂತ ಕಾನೂನು. ಇಷ್ಟಿದ್ದೂ ಅಣ್ಣಂದಿರ ತಕರಾರಿನಲ್ಲಿ ಒಂದು ಪ್ಯಾರಾ ಅಚ್ಚು ಹೊಡೆದಂತೆ ಬರುತ್ತದೆ: ವಾದಿಯ ಮದುವೆಗೆ ಖರ್ಚು ಮಾಡಿದ್ದೇವೆ, ಹಬ್ಬಕ್ಕೆ ಅರಿಶಿನ ಕುಂಕುಮ ಕೊಟ್ಟಿದ್ದೇವೆ, ಖಾತೆ ನಮ್ಮ ಹೆಸರಿಗಾದಾಗ ವಾದಿ ಸುಮ್ಮನಿದ್ದು ಸಮ್ಮತಿಸಿದ್ದಾರೆ.

ಪಾಟೀಸವಾಲಿನಲ್ಲಿ ಆ ಸಮ್ಮತಿ ಹೇಗೆ ತಯಾರಾಗುತ್ತದೆ ನೋಡಿ. ವಕೀಲರು ‘ಇಷ್ಟು ವರ್ಷ ನೀವು ಪಾಲು ಕೇಳಲೇ ಇಲ್ಲ ಅಂದರೆ ಸರೀನಾ?’ ಎನ್ನುತ್ತಾರೆ. ಆಕೆ ಎದುರಿಗೆ ಕೂತ ಅಣ್ಣನನ್ನು ನೋಡುತ್ತಾಳೆ, ಸೆರಗು ಸರಿಮಾಡಿಕೊಳ್ಳುತ್ತಾಳೆ, ‘ಹೂಂ, ಕೇಳೋ ಹಂಗಿರಲಿಲ್ಲ…’ ಎಂದು ಏನೋ ಹೇಳಹೋಗುತ್ತಾಳೆ. ‘ಹೌದೋ ಅಲ್ಲವೋ ಅಷ್ಟು ಹೇಳಿ’ ಎಂಬ ಸೂಚನೆ ಬರುತ್ತದೆ. ಬೆರಳಚ್ಚುಗಾರರ ಪರದೆಯ ಮೇಲೆ ಮೂಡುವುದು: ‘ನಾನು ಈವರೆಗೆ ಪಾಲು ಕೇಳಿರುವುದಿಲ್ಲ ಎಂದರೆ ಸರಿ.’ ಪ್ರಶ್ನೆ ಯಾರದು, ಉತ್ತರ ಯಾರದು ಎಂಬ ಗೆರೆ ಅಳಿಸಿ ವಕೀಲರ ವಾಕ್ಯ ಆಕೆಯ ಮಾತಾಗುತ್ತದೆ. ನಡುವೆ ಬಿದ್ದ ಮೌನಕ್ಕೆ ಗುರುತೇ ಇಲ್ಲ. ಮೇಲ್ಮನವಿಯಲ್ಲಿ ಹೈಕೋರ್ಟು ಓದುವುದು ಈ ಹಾಳೆಯನ್ನು. ಸಾಕ್ಷಿಯ ವರ್ತನೆಯನ್ನು ಬರೆದುಕೊಳ್ಳಲು ಸಿವಿಲ್ ಸಂಹಿತೆಯ 18ನೇ ಆದೇಶ ಅವಕಾಶ ಕೊಟ್ಟಿದೆ. ಅದನ್ನು ಬಳಸಿದ ಹಾಳೆಗಳು ಬೆರಳೆಣಿಕೆಯಷ್ಟೂ ನನ್ನ ಕಣ್ಣಿಗೆ ಬಿದ್ದಿಲ್ಲ. ಪ್ರಶ್ನೋತ್ತರದ ನಡುವಿನ ವಿಳಂಬದ ಬಗ್ಗೆ 2009ರಲ್ಲಿ ಹತ್ತು ಭಾಷೆಗಳನ್ನು ಹೋಲಿಸಿದ ಹೆಸರಾಂತ ಅಧ್ಯಯನ ಬಂತು, ಅದರಲ್ಲಿ ಭಾರತದ ಒಂದು ಭಾಷೆಯೂ ಇರಲಿಲ್ಲ. ಕನ್ನಡದಲ್ಲಿ ಸಾಕ್ಷಿಕಟ್ಟೆಯ ಮಾತನ್ನು ಅಧ್ಯಯನ ಮಾಡುವ ಕೆಲಸ ಭಾಷಾಶಾಸ್ತ್ರದ ವಿಭಾಗಗಳಿಗೂ ಕಾನೂನು ಶಾಲೆಗಳಿಗೂ ಸಮನಾಗಿ ಸೇರಿದ್ದು. ಆದ್ದರಿಂದಲೇ ಇಬ್ಬರೂ ಮುಟ್ಟಿಲ್ಲ.

ಕೋರ್ಟಿಗೆ ಬರುವ ಮುಂಚಿನ ಮೌನವಂತೂ ಸಂಶೋಧಕರ ಕಣ್ಣಿಗೇ ಬಿದ್ದಿಲ್ಲ. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೆ ಅರ್ಜಿ ಬೀಳುತ್ತದೆ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಕೆಲವೊಮ್ಮೆ ಇರುತ್ತದೆ, ಕೆಲವೊಮ್ಮೆ ಇರುವುದಿಲ್ಲ. ಭೂಕಂದಾಯ ಅಧಿನಿಯಮದ 129ನೇ ಕಲಮಿನ ಪ್ರಕಾರ ಬದಲಾವಣೆಯ ನೋಟಿಸನ್ನು ಚಾವಡಿಯಲ್ಲಿ ಅಂಟಿಸಬೇಕು, ತಕರಾರು ಬಾರದಿದ್ದರೆ ಮ್ಯುಟೇಷನ್ ಮಂಜೂರು. ಮಗಳಿರುವುದು ಮೂರು ತಾಲ್ಲೂಕು ಆಚೆಯ ಗಂಡನ ಊರಿನಲ್ಲಿ. ಅದೇ ಕಲಂ ದಾಖಲೆಯಲ್ಲಿ ಹೆಸರಿರುವ ಆಸಕ್ತರಿಗೆ ಮಾತ್ರವಲ್ಲ, ಹಿತಾಸಕ್ತಿಯಿದೆ ಎಂದು ಅಧಿಕಾರಿಗೆ ನಂಬಲು ಕಾರಣವಿರುವ ಬೇರೆಯವರಿಗೂ ಲಿಖಿತವಾಗಿ ತಿಳಿಸಬೇಕು ಎನ್ನುತ್ತದೆ. ಸತ್ತವರಿಗೆ ಹೆಣ್ಣುಮಕ್ಕಳಿದ್ದಾರೆಯೇ ಎಂದು ಊರಿನಲ್ಲಿ ಒಬ್ಬರನ್ನು ಕೇಳಿದರೆ ಸಾಕು, ನಂಬಲು ಕಾರಣ ಸಿಗುತ್ತದೆ. ಒಂದೇ ಒಂದು ಹೋಬಳಿಯ ಹತ್ತು ವರ್ಷಗಳ ಪೌತಿ ಖಾತೆ ಕಡತಗಳನ್ನು ತೆಗೆದು, ಮಗಳ ಗಂಡನ ಮನೆಯ ವಿಳಾಸಕ್ಕೆ ಎಷ್ಟು ನೋಟಿಸು ಹೋಗಿವೆ ಎಂದು ಎಣಿಸುವ ಕೆಲಸವನ್ನು ಯಾವ ಕಾನೂನು ವಿದ್ಯಾರ್ಥಿಯಾದರೂ ಒಂದು ಬೇಸಿಗೆ ರಜೆಯಲ್ಲಿ ಮುಗಿಸಬಹುದು. ಕಡತಗಳು ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿವೆ, ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ.